ಬೀದಿಗೊಂದು ರೂಲು, ಅಂಗಡಿಗೊಂದು ಕಾನೂನು

(ಜೂನ್ 2021, ಅನ್‌ಲಾಕ್ ಎರಡನೇ ಹಂತದ ವಾರ)



ಇವತ್ತು ಬ್ರೇಕಿಂಗ್ ನ್ಯೂಸ್ ಏನೂ ಇಲ್ಲ. ಯಾರೂ ರಾಜೀನಾಮೆ ಕೊಟ್ಟಿಲ್ಲ, ಯಾರೂ ದೆಹಲಿಗೆ ವಿಮಾನ ಹತ್ತಿಲ್ಲ. ಹಾಗಾಗಿ ಇವತ್ತಿನ ಇಪ್ಪತ್ತು ನಿಮಿಷ ಒಂದು ಸಣ್ಣ ವಿಷಯ ಮಾತಾಡೋಣ ಅಂತ ಕೂತಿದ್ದೀನಿ. ಸಣ್ಣ ವಿಷಯ ಅಂತ ನಾನೂ ಅಂದುಕೊಂಡಿದ್ದೆ. ಮೊನ್ನೆ ಒಬ್ಬ ಹುಡುಗ ಒಂದು ಪ್ರಶ್ನೆ ಕೇಳಿದ. ಅದಾದ ಮೇಲೆ ಇದು ಸಣ್ಣದಲ್ಲ ಅನ್ನಿಸ್ತಿದೆ. ಆ ಪ್ರಶ್ನೆಗೆ ಕೊನೆಯಲ್ಲಿ ಬರ್ತೀನಿ.

ಸೋಮವಾರದಿಂದ ಬೆಂಗಳೂರು ಸೇರಿ 16 ಜಿಲ್ಲೆಗಳಲ್ಲಿ ಸಂಜೆ 5ರವರೆಗೆ ಅಂಗಡಿ ತೆರೆದಿವೆ. ನಾನೂ ಎಲ್ಲರ ಹಾಗೆ ಮನೆ ಸಾಮಾನಿನ ಚೀಟಿ ಹಿಡ್ಕೊಂಡು ಹೊರಟೆ. ಒಂದೇ ರಸ್ತೆ, ಅರ್ಧ ಕಿಲೋಮೀಟರ್ ಕೂಡ ಇಲ್ಲ. ಅಷ್ಟರಲ್ಲಿ ಆರು ಬಾಗಿಲು ಹೊಕ್ಕು ಬಂದೆ. ಆರು ಬಾಗಿಲಲ್ಲಿ ಆರು ಥರದ ಕೊರೊನಾ ಇತ್ತು.

ಮೊದಲನೆಯದು ಬೇಕರಿ. ಬಾಗಿಲಲ್ಲಿ ಒಬ್ಬ ಹುಡುಗ ಗನ್ನು ಹಿಡಿದು ನಿಂತಿದ್ದ, ಜ್ವರ ನೋಡೋ ಗನ್ನು. ಹಣೆ ತೋರಿಸಿದೆ. ಬೇಡ ಸಾರ್, ಕೈ ಅಂದ. ಮಣಿಕಟ್ಟಿಗೆ ಇಟ್ಟ, 91 ಬಂತು. "ಓಕೆ ಸಾರ್, ಒಳಗೆ ಹೋಗಿ" ಅಂದ. ಸ್ವಾಮಿ, ನಿಜವಾಗ್ಲೂ ನನ್ನ ಮೈ 91 ಡಿಗ್ರಿ ಫ್ಯಾರನ್‌ಹೀಟ್ ಆಗಿದ್ರೆ ಬೇಕರಿಗೆ ಬಿಡಬಾರದು, ಆಂಬುಲೆನ್ಸ್ ಕರೀಬೇಕು! ಆದ್ರೆ ಆ ಹುಡುಗನಿಗೆ ಹೇಳಿಕೊಟ್ಟಿರೋದು ಇಷ್ಟೇ: ಎಲ್ಲರಿಗೂ ಇಡು, ನಂಬರ್ ಬರಲಿ, ಬಿಡು. ಬಂದ ನಂಬರಿಗೆ ಅರ್ಥ ಏನು ಅಂತ ಅವನಿಗೆ ಯಾರೂ ಹೇಳಿಲ್ಲ.

ಎರಡನೆಯದು ಬಟ್ಟೆ ಅಂಗಡಿ. ಇಲ್ಲಿ ಗನ್ನು ಇಲ್ಲ, ರಿಜಿಸ್ಟರ್ ಇದೆ. ಹೆಸರು, ಊರು, ಮೊಬೈಲ್ ನಂಬರ್, ಸಹಿ. ಬರೆಯೋಕೆ ಒಂದೇ ಪೆನ್ನು, ದಾರ ಕಟ್ಟಿ ಇಟ್ಟಿದ್ದಾರೆ. ಬೆಳಗ್ಗೆಯಿಂದ ಎಷ್ಟು ಜನ ಆ ಪೆನ್ನು ಹಿಡಿದ್ರೋ. ಮುಟ್ಟಿದ್ರೆ ಬರುತ್ತೆ ಅನ್ನೋದಾದ್ರೆ ಅಂಗಡಿಯಲ್ಲಿ ಅತಿ ಅಪಾಯದ ವಸ್ತು ಆ ಪೆನ್ನೇ. ನನ್ನ ಮೇಲಿನ ಸಾಲಿನಲ್ಲಿ ಒಬ್ಬರು ಊರಿನ ಜಾಗದಲ್ಲಿ "ಇಲ್ಲೇ" ಅಂತ ಬರೆದಿದ್ರು. ಅದರ ಕೆಳಗೆ ಐದು ಜನ ಎರಡು ಚುಕ್ಕಿ ಹಾಕಿ "ಮೇಲಿನಂತೆ" ಅಂತ ಮುಗಿಸಿದ್ರು. ಒಳಗೆ ಹೋದ್ರೆ ಟ್ರಯಲ್ ರೂಮಿಗೆ ಬೀಗ, ಕೊರೊನಾ ಕಾರಣ. ಆದ್ರೆ ಗಾದಿ ಮೇಲೆ ಸೀರೆ ಹರಡಿದೆ, ಹತ್ತು ಹೆಣ್ಮಕ್ಕಳು ಒಟ್ಟಿಗೆ ಕೂತು ಒಂದೇ ಸೆರಗನ್ನ ಎಳೆದು ನೋಡ್ತಿದ್ದಾರೆ. ಅದಕ್ಕೆ ಏನೂ ಅಡ್ಡಿ ಇಲ್ಲ.

ಮೂರನೆಯದು ಮೆಡಿಕಲ್ ಶಾಪ್. ಹಗ್ಗ ಅಡ್ಡ ಕಟ್ಟಿ, ನಾಲ್ಕಡಿ ದೂರ ನಿಲ್ಲಿಸಿ, ಚೀಟಿ ಇಸ್ಕೊಂಡು ಬುಟ್ಟಿಯಲ್ಲಿ ಮಾತ್ರೆ ಕೊಟ್ರು. ನಾಲ್ಕನೆಯದು ಬ್ಯಾಂಕು. ಹೊರಗೆ ಬಿಸಿಲಲ್ಲಿ ಇಪ್ಪತ್ತು ಜನ, ಒಳಗೆ ಎಸಿಯಲ್ಲಿ ಹನ್ನೆರಡು ಜನ, ಕಿಟಕಿ ಎಲ್ಲಾ ಬಂದ್. ಐದನೆಯದು ದರ್ಶಿನಿ. ಟೋಕನ್ ಕೊಡೋನು ಗಾಜಿನ ಹಿಂದೆ ಕೂತಿದ್ದಾನೆ, ಗ್ಲೌಸ್ ಹಾಕಿದ್ದಾನೆ, ಅದೇ ಗ್ಲೌಸಲ್ಲಿ ನೋಟು ಎಣಿಸಿ ಟೋಕನ್ ಹರೀತಾನೆ. ಕಾಫಿ ತಗೊಂಡು ಈ ಕಡೆ ಬಂದ್ರೆ ಒಂದೇ ಕಲ್ಲಿನ ಮೇಜಿನ ಸುತ್ತ ಐದು ಜನ ಮಾಸ್ಕ್ ಇಳಿಸಿ ರಾಜಕೀಯ ಮಾತಾಡ್ತಿದ್ದಾರೆ. ಆರನೆಯದು ಹೆಸರು ಹೇಳಬೇಕಾಗಿಲ್ಲ, ಅಲ್ಲಿ ಯಾವತ್ತೂ ರಶ್ಶೇ. ರಸ್ತೆ ಮೇಲೆ ಬಿಳಿ ಬಣ್ಣದ ವೃತ್ತ ಇನ್ನೂ ಇದೆ. ವೃತ್ತದಲ್ಲಿ ಶಿಸ್ತಾಗಿ ನಿಂತು ಬರ್ತಾರೆ, ಗ್ರಿಲ್ ಹತ್ತಿರ ಬಂದ ತಕ್ಷಣ ಎಂಟು ಕೈ ಒಂದೇ ಕಿಂಡಿಯೊಳಗೆ.

ನಗು ಬರುತ್ತೆ. ನನಗೂ ಬಂತು. ಆದ್ರೆ ವೀಕ್ಷಕರೇ, ಒಂದು ಮಾತು ಯೋಚನೆ ಮಾಡಿ. ಈ ಆರೂ ಕಡೆ ಯಾರೂ ಕಾನೂನು ಮುರೀತಿರಲಿಲ್ಲ. ಎಲ್ಲರೂ "ನಾವು ರೂಲ್ಸ್ ಫಾಲೋ ಮಾಡ್ತಿದೀವಿ" ಅಂತಾನೇ ನಂಬಿದ್ರು. ಬೇಕರಿಯವನಿಗೆ ಗನ್ನು ಖರ್ಚು, ಬಟ್ಟೆ ಅಂಗಡಿಯವರಿಗೆ ರಿಜಿಸ್ಟರ್ ಖರ್ಚು, ದರ್ಶಿನಿಯವರಿಗೆ ಗಾಜಿನ ಖರ್ಚು. ಎಲ್ಲರೂ ದುಡ್ಡು ಹಾಕಿದ್ದಾರೆ, ಶ್ರಮ ಹಾಕಿದ್ದಾರೆ. ರೋಗ ಮಾತ್ರ ಯಾವ ಬಾಗಿಲಲ್ಲೂ ಸಹಿ ಹಾಕಿ ಒಳಗೆ ಹೋಗ್ಲಿಲ್ಲ.

ಇದು ಹೇಗಾಯ್ತು? ಸ್ವಲ್ಪ ಹಿಂದಕ್ಕೆ ಹೋಗೋಣ.

2020ರ ಮಾರ್ಚ್ 25ರಿಂದ ಲಾಕ್‌ಡೌನ್. ಮೇ 4ಕ್ಕೆ ಮದ್ಯದಂಗಡಿ ತೆರೆದ್ರು. ಮೊದಲ ದಿನವೇ ರಾಜ್ಯದಲ್ಲಿ ಸುಮಾರು 45 ಕೋಟಿ ರೂಪಾಯಿ ವ್ಯಾಪಾರ ಆಯ್ತು. ಪೂಜೆ ಮಾಡಿ, ಪಟಾಕಿ ಹೊಡೆದು ಬಾಟಲಿ ತಗೊಂಡವರನ್ನ ನಾವೇ ಲೈವ್ ತೋರಿಸಿದ್ವಿ. ಅದೇ ದಿನ ಬೆಂಗಳೂರಲ್ಲಿ ಕ್ಷೌರದಂಗಡಿಗೆ ಬೀಗ. ಅದು ತೆರೆದಿದ್ದು ಮೇ 19ಕ್ಕೆ. ಹೋಟೆಲಲ್ಲಿ ಕೂತು ತಿನ್ನೋಕೆ, ದೇವಸ್ಥಾನಕ್ಕೆ ಹೋಗೋಕೆ, ಮಾಲ್‌ಗೆ ಹೋಗೋಕೆ ಜೂನ್ 8ರವರೆಗೆ ಕಾಯಬೇಕಾಯ್ತು. ಕ್ಷೌರಿಕರಿಗೆ, ಅಗಸರಿಗೆ ಸರ್ಕಾರ 5,000 ರೂಪಾಯಿ ಒಂದು ಸಲದ ಪರಿಹಾರ ಘೋಷಣೆ ಮಾಡ್ತು. ಒಳ್ಳೇದು. ಆದ್ರೆ ನಮ್ಮ ಏರಿಯಾದ ಕ್ಷೌರದ ಅಂಗಡಿಯವರು ನನ್ನನ್ನ ಕೇಳಿದ್ದು ದುಡ್ಡಿನ ಪ್ರಶ್ನೆ ಅಲ್ಲ. "ಅಲ್ಲಾ ಸಾರ್, ನಾನು ಒಬ್ಬರಿಗೆ ಕಟಿಂಗ್ ಮಾಡಿದ್ರೆ ಹರಡುತ್ತೆ, ಅಲ್ಲಿ ಐನೂರು ಜನ ಕ್ಯೂ ನಿಂತ್ರೆ ಹರಡಲ್ವಾ? ಕಾರಣ ಇದ್ರೆ ಹೇಳ್ಲಿ, ನಾನು ಮುಚ್ಕೊಂಡು ಕೂರ್ತೀನಿ." ಕಾರಣ ಹೇಳಬಹುದಿತ್ತು ರೀ. ಕ್ಷೌರ ಅಂದ್ರೆ ಮುಖಕ್ಕೆ ಮುಖ ಹತ್ತಿರ, ಅರ್ಧ ಗಂಟೆ, ಸಣ್ಣ ರೂಮು. ಅದು ನಿಜವಾದ ಕಾರಣ. ಯಾರೂ ಅವರಿಗೆ ಹೇಳ್ಲಿಲ್ಲ. ಹೇಳದೇ ಇದ್ದಾಗ ಅವರಿಗೆ ಉಳಿದಿದ್ದು ಒಂದೇ ಲೆಕ್ಕ: ಖಜಾನೆಗೆ ಯಾರಿಂದ ದುಡ್ಡು ಬರುತ್ತೋ ಅವರ ಬಾಗಿಲು ಮೊದಲು.

ಆಮೇಲೆ ದಂಡದ ಕಥೆ. ಮಾಸ್ಕ್ ಇಲ್ಲದಿದ್ರೆ ನಗರದಲ್ಲಿ 200 ರೂಪಾಯಿ ಇತ್ತು. 2020ರ ಸೆಪ್ಟೆಂಬರ್ ಕೊನೆಗೆ ಒಂದೇ ಏಟಿಗೆ ನಗರದಲ್ಲಿ 1,000, ಹಳ್ಳಿಯಲ್ಲಿ 500 ಅಂದ್ರು. ಜನ ಬೈದ್ರು. ಅಕ್ಟೋಬರ್ 7ಕ್ಕೆ 250 ಮತ್ತು 100 ಅಂದ್ರು. ವೈರಸ್ಸಿನ ಬೆಲೆ ಒಂದು ವಾರದಲ್ಲಿ ನಾಲ್ಕನೇ ಒಂದು ಭಾಗಕ್ಕೆ ಇಳೀತು.

ಡಿಸೆಂಬರ್ ಬಂತು. 23ನೇ ತಾರೀಕು ಇವತ್ತು ರಾತ್ರಿ 10ರಿಂದಲೇ ನೈಟ್ ಕರ್ಫ್ಯೂ ಅಂದ್ರು. ಸ್ವಲ್ಪ ಹೊತ್ತಿಗೆ ಇಲ್ಲ, ನಾಳೆಯಿಂದ, ರಾತ್ರಿ 11ರಿಂದ ಅಂದ್ರು. ನಾಳೆ ಸಂಜೆ ಆಯ್ತು, ಕರ್ಫ್ಯೂನೇ ಇಲ್ಲ, ವಾಪಸ್ ಅಂತ ಮುಖ್ಯಮಂತ್ರಿ ಯಡಿಯೂರಪ್ಪನವರು ಹೇಳಿದ್ರು. ನಮ್ಮ ಸ್ಟುಡಿಯೋದಲ್ಲಿ ಕರ್ಫ್ಯೂಗೆ ಅಂತ ಮಾಡಿಸಿದ್ದ ಗ್ರಾಫಿಕ್ಸ್ ಒಂದು ಸಲವೂ ಪೂರ್ತಿ ಓಡಲಿಲ್ಲ.

ಈ ವರ್ಷ ಏಪ್ರಿಲ್ ತಗೊಳ್ಳಿ. ಏಪ್ರಿಲ್ 1ಕ್ಕೆ ಯುವರತ್ನ ಸಿನಿಮಾ ಬಿಡುಗಡೆ. ಮರುದಿನ ಥಿಯೇಟರ್‌ನಲ್ಲಿ ಅರ್ಧ ಸೀಟು ಮಾತ್ರ ಅನ್ನೋ ಆದೇಶ. ಚಿತ್ರರಂಗ ಕೇಳ್ತು, ನಟ ಪುನೀತ್ ರಾಜ್‌ಕುಮಾರ್ ಮನವಿ ಮಾಡಿದ್ರು, ಏಪ್ರಿಲ್ 7ರವರೆಗೆ ವಿನಾಯಿತಿ ಸಿಕ್ತು. ಜಿಮ್‌ನವರು ಕೂಗಾಡಿದ್ರು, ಅವರಿಗೂ ಅರ್ಧ ಬಾಗಿಲು ತೆರೀತು. ಅದೇ ತಿಂಗಳು 17ಕ್ಕೆ ಬೆಳಗಾವಿ, ಮಸ್ಕಿ, ಬಸವಕಲ್ಯಾಣದಲ್ಲಿ ಉಪಚುನಾವಣೆ. ಅಲ್ಲಿನ ರ‍್ಯಾಲಿಗಳ ಬಗ್ಗೆ ನಾನು ಹೇಳೋದು ಬೇಡ, ನೀವೇ ನೋಡಿದ್ದೀರಿ, ಎಲ್ಲ ಪಕ್ಷದ್ದೂ ನೋಡಿದ್ದೀರಿ. ನಾನು ಇಲ್ಲಿ ಸಿನಿಮಾದವರನ್ನೂ ದೂರ್ತಿಲ್ಲ, ಜಿಮ್‌ನವರನ್ನೂ ದೂರ್ತಿಲ್ಲ. ಹೊಟ್ಟೆಪಾಡು, ಕೇಳಿದ್ರು. ಆದ್ರೆ ಇದನ್ನೆಲ್ಲ ನೋಡ್ತಾ ಕೂತಿದ್ದ ಬಳೆ ಅಂಗಡಿಯವನು, ಟೈಲರ್, ಪಾತ್ರೆ ಅಂಗಡಿಯವನು ಕಲಿತ ಪಾಠ ಏನು? ಜೋರಾಗಿ ಕೂಗಿದ್ರೆ ರೂಲು ಬದಲಾಗುತ್ತೆ, ಸುಮ್ಮನಿದ್ರೆ ನಮ್ಮ ಮೇಲೇ ಬೀಳುತ್ತೆ.

ಬಿತ್ತು ಕೂಡ. ಏಪ್ರಿಲ್ 22, ಗುರುವಾರ. ಜನಕ್ಕೆ ಗೊತ್ತಿದ್ದಿದ್ದು ರಾತ್ರಿ ಕರ್ಫ್ಯೂ ಮತ್ತು ಶನಿವಾರ-ಭಾನುವಾರದ ಕರ್ಫ್ಯೂ. ವಾರದ ದಿನ ವ್ಯಾಪಾರ ಮಾಡಬಹುದು ಅಂತ ಬೆಳಗ್ಗೆ ಶಟರ್ ಎತ್ತಿದ್ರು. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಬಂದು ಮುಚ್ಚಿ, ಮುಚ್ಚಿ ಅಂದ್ರು. ಯಾಕೆ ಅಂದ್ರೆ ಹೊಸ ಆದೇಶ. ಎಲ್ಲಿದೆ ತೋರಿಸಿ ಅಂದ್ರೆ ಆ ಪೇದೆಯ ಮೊಬೈಲಲ್ಲೂ ಇನ್ನೂ ಬಂದಿರ್ಲಿಲ್ಲ. ಮೇ 4ರವರೆಗೆ ಬಂದ್ ಅಂತ ಆಮೇಲೆ ಗೊತ್ತಾಯ್ತು. ಮದುವೆ ಸೀಸನ್‌ಗೆ ಅಂತ ಸಾಲ ಮಾಡಿ ಮಾಲು ಹಾಕಿದ್ದ ಬಟ್ಟೆ ವ್ಯಾಪಾರಿ ಒಬ್ಬರು ಅವತ್ತು ನಮ್ಮ ವರದಿಗಾರನ ಮೈಕ್ ಮುಂದೆ ಏನೂ ಬೈಯಲಿಲ್ಲ. "ಬೆಳಗ್ಗೆ ಹೇಳಿದ್ರೆ ನಾನು ಹುಡುಗರನ್ನ ಕರೆಸ್ತಾನೇ ಇರಲಿಲ್ಲ ಸಾರ್, ಅವರ ಬಸ್ ಚಾರ್ಜ್ ಆದ್ರೂ ಉಳೀತಿತ್ತು" ಅಂದ್ರು. ಅಷ್ಟೇ.

ಇದಕ್ಕೆಲ್ಲ ಹಿಂದೆ ಇರೋ ಯಂತ್ರ ಹೇಗಿದೆ ಅಂತ ಸ್ವಲ್ಪ ತಿಳ್ಕೊಳ್ಳಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯ ಒಂದು ಮಾರ್ಗಸೂಚಿ ಕೊಡುತ್ತೆ. ಆರೋಗ್ಯ ಸಚಿವಾಲಯ ಹೋಟೆಲಿಗೆ ಒಂದು, ಕಚೇರಿಗೆ ಒಂದು, ದೇವಸ್ಥಾನಕ್ಕೆ ಒಂದು ಕಾರ್ಯವಿಧಾನ ಕೊಡುತ್ತೆ. ಅದನ್ನ ರಾಜ್ಯ ಸರ್ಕಾರ ತನ್ನ ಆದೇಶ ಮಾಡ್ಕೊಳ್ಳುತ್ತೆ. ನಮ್ಮ ರಾಜ್ಯದ್ದೇ ಆದ ಸಾಂಕ್ರಾಮಿಕ ರೋಗಗಳ ಕಾಯ್ದೆ 2020ರಲ್ಲಿ ಬಂತು. ಅದರ ಮೇಲೆ ಜಿಲ್ಲಾಧಿಕಾರಿ, ಬೆಂಗಳೂರಲ್ಲಾದ್ರೆ ಬಿಬಿಎಂಪಿ. ಅದರ ಕೆಳಗೆ ಮಾರ್ಷಲ್‌ಗಳು, ಸ್ಟೇಷನ್ ಇನ್ಸ್‌ಪೆಕ್ಟರ್. ಕೊನೆಗೆ ನಿಮ್ಮ ಅಂಗಡಿ ಮುಂದೆ ಬಂದು ನಿಲ್ಲೋದು ಬೀಟ್ ಪೇದೆ. ಹತ್ತು ಪುಟದ ಆದೇಶ ಅವರ ಹತ್ತಿರ ಬರೋ ಹೊತ್ತಿಗೆ ಎರಡೇ ಪದ ಆಗಿರುತ್ತೆ: ತೆರಿ, ಇಲ್ಲ ಮುಚ್ಚು. ಆ ಪೇದೆಯನ್ನ ನಾನು ಬೈಯಲ್ಲ. ಹಗಲೂ ರಾತ್ರಿ ರಸ್ತೆಯಲ್ಲಿ ನಿಂತವರು ಅವರು, ಅವರಲ್ಲೂ ಎಷ್ಟೋ ಜನ ಈ ರೋಗಕ್ಕೆ ಹೋದ್ರು. ಆದ್ರೆ "ಯಾಕೆ" ಅನ್ನೋ ಪದ ದೆಹಲಿಯಿಂದ ನಮ್ಮ ಬೀದಿಗೆ ಬರೋ ದಾರಿಯಲ್ಲಿ ಎಲ್ಲೋ ಬಿದ್ದುಹೋಯ್ತು. ಮೇ 10ರ ಲಾಕ್‌ಡೌನ್‌ನಲ್ಲಿ ಸಾಮಾನು ತರೋಕೆ ನಡ್ಕೊಂಡೇ ಹೋಗಬೇಕು, ಗಾಡಿ ತೆಗೀಬಾರದು ಅಂದ್ರು. ಬೆಳಗ್ಗೆ ಲಾಠಿ ಏಟು ಬಿತ್ತು, ಆಮೇಲೆ ಹತ್ತಿರದ ಅಂಗಡಿಗಾದ್ರೆ ಗಾಡಿ ತಗೊಂಡು ಹೋಗಬಹುದು ಅನ್ನೋ ಸ್ಪಷ್ಟನೆ ಬಂತು. ಏಟು ತಿಂದವನಿಗೆ ಸ್ಪಷ್ಟನೆ ತಗೊಂಡು ಏನು ಪ್ರಯೋಜನ?

ಈಗ "ಯಾಕೆ" ಅನ್ನೋದಕ್ಕೆ ಬರೋಣ. ಇಲ್ಲಿ ದಯವಿಟ್ಟು ಗಮನ ಕೊಡಿ.

2020ರ ಮಾರ್ಚ್‌ನಲ್ಲಿ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಕೆಮ್ಮಿದಾಗ ಹನಿ ಬೀಳುತ್ತೆ, ಮೇಜಿನ ಮೇಲೆ ಕೂರುತ್ತೆ, ಮುಟ್ಟಿದ್ರೆ ಬರುತ್ತೆ ಅಂತ ದೊಡ್ಡ ದೊಡ್ಡ ಸಂಸ್ಥೆಗಳೇ ಹೇಳಿದ್ವು. ಅದಕ್ಕೇ ನಾವೆಲ್ಲ ಕೈ ತೊಳೆದ್ವಿ. ತಪ್ಪಿಲ್ಲ. ಗೊತ್ತಿಲ್ಲದಾಗ ಎಲ್ಲಾ ಕಡೆಯಿಂದ ಎಚ್ಚರ ವಹಿಸೋದೇ ಜಾಣತನ. ಆದ್ರೆ ಸುಳಿವು ಬೇಗನೇ ಸಿಕ್ಕಿತ್ತು. ಚೀನಾದ ಗುವಾಂಗ್‌ಝೌ ನಗರದ ಒಂದು ಹೋಟೆಲಲ್ಲಿ 2020ರ ಜನವರಿ 24ರಂದು ಮೂರು ಕುಟುಂಬ ಅಕ್ಕಪಕ್ಕದ ಮೇಜಲ್ಲಿ ಊಟ ಮಾಡಿತ್ತು. ಒಬ್ಬರಿಗೆ ರೋಗ ಇತ್ತು. ಕಿಟಕಿ ಇಲ್ಲದ ಕೋಣೆ, ಎಸಿ ಗಾಳಿ ಆ ಮೂರು ಮೇಜಿನ ಮೇಲೇ ಸುತ್ತುತ್ತಿತ್ತು. ಒಟ್ಟು 10 ಜನರಿಗೆ ಸೋಂಕು. ಆ ಗಾಳಿಯ ದಾರಿಯಲ್ಲಿ ಇಲ್ಲದ ಬೇರೆ ಮೇಜಿನವರಿಗೆ, ಬಡಿಸಿದ ಹುಡುಗರಿಗೆ ಏನೂ ಆಗ್ಲಿಲ್ಲ. ತಟ್ಟೆ ಮುಟ್ಟಿದವರಿಗೆ ಬರಲಿಲ್ಲ, ಗಾಳಿ ಹಂಚಿಕೊಂಡವರಿಗೆ ಬಂತು.

2020ರ ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದು, ಇದು ಗಾಳಿಯಲ್ಲಿ ಹರಡುತ್ತೆ, ಒಪ್ಕೊಳ್ಳಿ ಅಂದ್ರು. ಈ ವರ್ಷ ಏಪ್ರಿಲ್ 5ಕ್ಕೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಒಂದು ಮಾತು ಹೇಳ್ತು. ಸೋಂಕಿರೋ ಮೇಲ್ಮೈಯನ್ನ ಒಂದು ಸಲ ಮುಟ್ಟಿದ್ರೆ ರೋಗ ಬರೋ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ. ಮೇ 20ಕ್ಕೆ ನಮ್ಮದೇ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಸರಳ ಭಾಷೆಯಲ್ಲಿ ಹೇಳ್ತು: ದೊಡ್ಡ ಹನಿ ಎರಡು ಮೀಟರ್ ಒಳಗೆ ಬೀಳುತ್ತೆ, ಸೂಕ್ಷ್ಮ ಕಣ ಗಾಳಿಯಲ್ಲಿ 10 ಮೀಟರ್‌ವರೆಗೂ ಹೋಗಬಹುದು, ಕಿಟಕಿ ಬಾಗಿಲು ತೆಗೀರಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ಕಿಟಕಿ ಮುಚ್ಚಿ ಎಸಿ ಹಾಕಬೇಡಿ.

ಇದನ್ನ ನಮ್ಮ ಅಡುಗೆಮನೆ ಭಾಷೆಯಲ್ಲಿ ಹೇಳ್ತೀನಿ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗ ಏನಾಗುತ್ತೆ? ಅಡುಗೆಮನೆಯಲ್ಲಿ ಅಮ್ಮ ಕೆಮ್ತಾರೆ, ಹಾಲಲ್ಲಿ ಪೇಪರ್ ಓದ್ತಿರೋ ಅಪ್ಪ ಕೆಮ್ತಾರೆ, ರೂಮಲ್ಲಿ ಮೊಬೈಲ್ ನೋಡ್ತಿರೋ ಮಗಳೂ ಕೆಮ್ತಾಳೆ. ಅಪ್ಪ ಆರಡಿ ದೂರ ಇದ್ರು, ಬಾಣಲೆ ಮುಟ್ಟಿಲ್ಲ, ಕೈಗೆ ಸ್ಯಾನಿಟೈಸರ್ ಹಚ್ಚಿದ್ರು. ಆದ್ರೂ ಘಾಟು ಬಂತು. ಆಗ ಅಜ್ಜಿ ಏನಂತಾರೆ? "ಕಿಟಕಿ ತೆಗೀರೋ" ಅಂತಾರೆ. ಅಷ್ಟೇ ವೀಕ್ಷಕರೇ. ಈ ರೋಗದ ವಿಜ್ಞಾನದಲ್ಲಿ ಮುಕ್ಕಾಲು ಪಾಲು ನಮ್ಮ ಅಜ್ಜಿಗೆ ಒಗ್ಗರಣೆ ವಿಷಯದಲ್ಲಿ ಗೊತ್ತಿತ್ತು. ಹೊರಗೆ ಅಂಗಳದಲ್ಲಿ ಒಗ್ಗರಣೆ ಹಾಕಿದ್ರೆ ಯಾರಿಗೂ ಘಾಟಿಲ್ಲ. ಮುಚ್ಚಿದ ಕೋಣೆಯಲ್ಲಿ ಹಾಕಿದ್ರೆ ಹತ್ತು ಜನಕ್ಕೂ ಘಾಟು. ಬಟ್ಟೆ ಅಡ್ಡ ಹಿಡಿದ್ರೆ ಸ್ವಲ್ಪ ಕಡಿಮೆ. ಹೊತ್ತು ಜಾಸ್ತಿ ಇದ್ದಷ್ಟೂ ಕೆಮ್ಮು ಜಾಸ್ತಿ.

ಈ ಒಂದು ಮಾತು ಇಟ್ಕೊಂಡು ನಮ್ಮ ರೂಲ್ಸ್ ಎಲ್ಲಾ ಮತ್ತೆ ನೋಡಿ. ತಳ್ಳುಗಾಡಿಯವರಿಗೆ, ಹಾಪ್‌ಕಾಮ್ಸ್‌ಗೆ, ಹಾಲಿನ ಬೂತಿಗೆ ಮೇ ತಿಂಗಳಲ್ಲಿ ಸಂಜೆ 6ರವರೆಗೆ ಅವಕಾಶ ಕೊಟ್ಟಿದ್ರು. ಸರಿಯಾದ ತೀರ್ಮಾನ, ತಳ್ಳುಗಾಡಿ ಬಯಲಲ್ಲಿ ನಿಲ್ಲುತ್ತೆ. ಈ ವಾರ ಹೋಟೆಲು, ಜಿಮ್ ತೆರೀಬಹುದು, ಆದ್ರೆ ಎಸಿ ಹಾಕಬಾರದು ಅಂದಿದ್ದಾರೆ. ಅದೂ ಸರಿ. ಸರ್ಕಾರ ಸರಿ ಮಾಡಿದಾಗ ಸರಿ ಅನ್ನಬೇಕು. ಆದ್ರೆ ಯಾವ ಹೋಟೆಲಿಗೆ ಹೋಗಿ ಕೇಳಿ, ಎಸಿ ಯಾಕೆ ಬೇಡ ಅಂದ್ರೆ "ಗೊತ್ತಿಲ್ಲ ಸಾರ್, ಆರ್ಡರ್" ಅಂತಾರೆ. ಎಸಿ ಆಫ್ ಮಾಡಿ, ಕಿಟಕಿಯನ್ನೂ ಮುಚ್ಚಿಯೇ ಇಟ್ಟಿರ್ತಾರೆ, ಸೊಳ್ಳೆ ಬರುತ್ತೆ ಅಂತ. ರೂಲು ಪಾಲನೆ ಆಯ್ತು, ಉದ್ದೇಶ ಸತ್ತೋಯ್ತು.

ಇನ್ನು ಬೆಳಗ್ಗೆ 6ರಿಂದ 10. ಜನ ಸೇರಬಾರದು ಅಂತ ಮಾಡಿದ ರೂಲು. ಇಡೀ ದಿನ ಬರೋ ಗಿರಾಕಿಗಳನ್ನ ನಾಲ್ಕು ಗಂಟೆಯೊಳಗೆ ತುರುಕಿದ್ರೆ ಜನ ಕಡಿಮೆ ಆಗ್ತಾರಾ, ಜಾಸ್ತಿ ಆಗ್ತಾರಾ? ಎರಡನೇ ಕ್ಲಾಸಿನ ಲೆಕ್ಕ ಇದು. ಒಂಬತ್ತೂವರೆ ಆದ ಮೇಲೆ ದಿನಸಿ ಅಂಗಡಿ ಮುಂದೆ ಏನಾಗ್ತಿತ್ತು ಅಂತ ನಿಮಗೆಲ್ಲ ಗೊತ್ತು.

ಈಗ ಆ ಹುಡುಗನ ವಿಷಯಕ್ಕೆ ಬರ್ತೀನಿ.

ನಮ್ಮ ಬೀದಿ ಕೊನೆಯಲ್ಲಿ ಒಂದು ದಿನಸಿ ಅಂಗಡಿ ಇದೆ. ಹೆಸರು ಬೇಡ. ಹದಿನೆಂಟು ವರ್ಷದಿಂದ ನಮ್ಮ ಮನೆಗೆ ಅಕ್ಕಿ ಬೇಳೆ ಅಲ್ಲಿಂದಲೇ. ಅಂಗಡಿ ಯಜಮಾನರನ್ನ ನಾವೆಲ್ಲ "ಅಣ್ಣಾ" ಅಂತಲೇ ಕರೀತಿದ್ವಿ. ಕೊರೊನಾ ಬಂದ ಮೇಲೆ ಆ ಅಣ್ಣನಷ್ಟು ರೂಲ್ಸ್ ಪಾಲಿಸಿದ ಮನುಷ್ಯನನ್ನ ನಾನು ನೋಡಿಲ್ಲ. ಸರ್ಕಾರ 200 ಎಂಎಲ್ ಸ್ಯಾನಿಟೈಸರ್‌ಗೆ 100 ರೂಪಾಯಿ ಮಿತಿ ಹಾಕಿದ್ದ ಕಾಲದಲ್ಲಿ ಅವರು ಬಾಗಿಲಲ್ಲಿ ಬಾಟಲಿ ಇಟ್ಟು ಬಂದವರಿಗೆಲ್ಲ ಪುಕ್ಕಟೆ ಹಾಕಿಸ್ತಿದ್ರು. ನೋಟುಗಳನ್ನ ರಾತ್ರಿ ಸೋಪಿನ ನೀರಿಗೆ ಅದ್ದಿ, ಒಣಗಿಸಿ, ಇಸ್ತ್ರಿ ಮಾಡ್ತಿದ್ರು. ಚಿಲ್ಲರೆಗೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಡೆಟಾಲ್ ನೀರು. ಕೌಂಟರ್‌ಗೆ ಸೂರಿನಿಂದ ಕೆಳಗಿನವರೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ರು, ಒಂದು ಕಿಂಡಿ ಮಾತ್ರ. ಎಲ್ಲಾ ತಮ್ಮ ದುಡ್ಡಲ್ಲೇ.

ಏಪ್ರಿಲ್-ಮೇನಲ್ಲಿ ಒಂಬತ್ತು ಮುಕ್ಕಾಲಿಗೆ ಹೊಯ್ಸಳ ಗಾಡಿ ಸದ್ದು ಕೇಳ್ತಿತ್ತು. ಆಗ ಅವರು ಶಟರ್ ಅರ್ಧಕ್ಕೆ ಇಳಿಸ್ತಿದ್ರು. ಒಳಗಿದ್ದವರು ಒಳಗೇ. ಹತ್ತಕ್ಕೆ ಹತ್ತು ಅಡಿ ಜಾಗ, ಎಂಟು ಜನ, ಹಿಂದೆ ಗೋಡೌನ್ ಬಾಗಿಲು ಬಂದ್, ಮುಂದೆ ಅರ್ಧ ಶಟರ್, ನಡುವೆ ಪ್ಲಾಸ್ಟಿಕ್ ಹಾಳೆ. ಬಗ್ಗಿ ಒಳಗೆ ಹೋಗೋದು, ಬಗ್ಗಿ ಹೊರಗೆ ಬರೋದು. ಫ್ಯಾನ್ ಗಾಳಿ ಅಲ್ಲೇ ಸುತ್ತೋದು. ನಾನೂ ಆ ಎಂಟು ಜನರಲ್ಲಿ ಒಬ್ಬನಾಗಿ ಎಷ್ಟೋ ಸಲ ನಿಂತಿದ್ದೀನಿ. ಕೈಗೆ ಸ್ಯಾನಿಟೈಸರ್ ಹಾಕ್ಕೊಂಡಿದ್ದೀನಿ, ನಾನು ಸೇಫ್ ಅಂದುಕೊಂಡಿದ್ದೀನಿ.

ಮೇ ಎರಡನೇ ವಾರ ಅಣ್ಣನಿಗೆ ಜ್ವರ. ಐದನೇ ದಿನಕ್ಕೆ ಉಸಿರಾಟದ ತೊಂದರೆ. ಬೆಡ್‌ಗೆ ಎಲ್ಲರೂ ಫೋನ್ ಮಾಡಿದ್ವಿ, ನಾನೂ ಮಾಡಿದೆ. ಟಿವಿಯಲ್ಲಿ ಬರೋ ಮುಖ ಅಂತ ಬೇರೆಯವರಿಗಿಂತ ಬೇಗ ಫೋನ್ ಎತ್ತಿದ್ರು, ನಾಚಿಕೆ ಬಿಟ್ಟು ಹೇಳ್ತೀನಿ. ಬೆಡ್ ಸಿಕ್ತು. ಅಣ್ಣ ಉಳೀಲಿಲ್ಲ. ಐವತ್ತನಾಲ್ಕು ವರ್ಷ.

ಅವರಿಗೆ ಎಲ್ಲಿಂದ ಬಂತು? ಯಾರೂ ಹೇಳೋಕೆ ಆಗಲ್ಲ. ಅಂಗಡಿಯಿಂದಲೇ ಬಂತು ಅಂತ ನಾನು ಪ್ರಮಾಣ ಮಾಡಿ ಹೇಳಲ್ಲ. ಬೇರೆ ಕಡೆಯಿಂದಲೂ ಬಂದಿರಬಹುದು. ಅದನ್ನ ಸ್ಪಷ್ಟವಾಗಿ ಹೇಳಿಯೇ ಮುಂದಕ್ಕೆ ಹೋಗ್ತೀನಿ.

ಮೊನ್ನೆ ಸಾಮಾನಿಗೆ ಹೋದಾಗ ಅವರ ಮಗ ಕೂತಿದ್ದ. ಡಿಗ್ರಿ ಎರಡನೇ ವರ್ಷ. ಅಪ್ಪನ ಫೋಟೋಗೆ ಹಾರ. ಪ್ಲಾಸ್ಟಿಕ್ ಹಾಳೆ ಹಾಗೇ ಇದೆ, ಡೆಟಾಲ್ ಟಬ್ ಹಾಗೇ ಇದೆ. ನಾನು ಚಿಲ್ಲರೆ ಟಬ್ಬಿಗೆ ಹಾಕಿದೆ. ಅವನು ಕೇಳಿದ: "ಸಾರ್, ಅಪ್ಪ ಎಲ್ಲಾ ಮಾಡ್ತಿದ್ರಲ್ಲ? ಒಂದು ದಿನ ಕೂಡ ತಪ್ಪಿಸಲಿಲ್ಲ. ನೋಟು ತೊಳೆಯೋದು ನಿಮ್ಮ ಚಾನೆಲ್‌ನಲ್ಲೇ ನೋಡಿ ಕಲಿತಿದ್ದು. ಅದು ಸರೀನೇ ಅಲ್ವಾ ಸಾರ್?"

ನಾನು ಏನು ಹೇಳಲಿ?

"ಸರೀನೇ ಕಣಪ್ಪಾ" ಅಂತ ಹೇಳಿ ಬಂದೆ. ಸುಳ್ಳು ಹೇಳಿ ಬಂದೆ. ಆ ಕ್ಷಣಕ್ಕೆ ಅದೇ ಬಾಯಿಗೆ ಬಂತು. ಮನೆಗೆ ಬಂದು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಹಳೇ ವಿಡಿಯೋಗಳನ್ನ ತೆಗೆಸಿ ನೋಡಿದೆ. 2020ರ ಏಪ್ರಿಲ್‌ನಲ್ಲಿ ತರಕಾರಿ ಹೇಗೆ ತೊಳೀಬೇಕು, ಹಾಲಿನ ಪ್ಯಾಕೆಟ್ ಹೇಗೆ ಒರೆಸಬೇಕು, ನೋಟು ಹೇಗೆ ಶುದ್ಧ ಮಾಡಬೇಕು ಅಂತ ಗಂಟೆಗಟ್ಟಲೆ ತೋರಿಸಿದ್ದೀವಿ. ಜನರ ಮೈಮೇಲೆ ಔಷಧಿ ಸಿಂಪಡಿಸೋ ಸುರಂಗಗಳನ್ನ ಹೊಸ ಆವಿಷ್ಕಾರ ಅಂತ ಹೊಗಳಿದ್ದೀವಿ. ಜನರ ಮೇಲೆ ಹೀಗೆ ಸಿಂಪಡಿಸಬಾರದು, ಅಪಾಯ ಅಂತ ಏಪ್ರಿಲ್ 18ಕ್ಕೇ ಆರೋಗ್ಯ ಸಚಿವಾಲಯ ಹೇಳಿತ್ತು. ಅದನ್ನ ಕೆಳಗಿನ ಸ್ಕ್ರೋಲ್‌ನಲ್ಲಿ ಎರಡು ಸಲ ಓಡಿಸಿ ಸುಮ್ಮನಾದ್ವಿ. ಆಗ ಗೊತ್ತಿರಲಿಲ್ಲ ಅಂತ ಮೊದಲನೇ ವರ್ಷಕ್ಕೆ ಕ್ಷಮೆ ಇರಬಹುದು. ಈ ವರ್ಷ ಏಪ್ರಿಲ್‌ಗೆ ಗೊತ್ತಾಗಿತ್ತಲ್ಲ? ಗೊತ್ತಾದ ಮೇಲೆ "ನಾವು ಹಿಂದೆ ಹೇಳಿದ್ದನ್ನ ಈಗ ತಿದ್ಕೊಳ್ಳಿ, ನೋಟು ತೊಳೆಯೋದು ಬಿಡಿ, ಹಿಂಬಾಗಿಲು ತೆಗೀರಿ" ಅಂತ ಅಷ್ಟೇ ಜೋರಾಗಿ ಹೇಳಿದ್ವಾ? ಹೇಳ್ಲಿಲ್ಲ. ಲಾಠಿ ಏಟಿನ ವಿಡಿಯೋ ತೋರಿಸ್ತಾ ಇದ್ವಿ. ಅದಕ್ಕೆ ಟಿಆರ್‌ಪಿ ಇತ್ತು, ಕಿಟಕಿಗೆ ಇರಲಿಲ್ಲ.

ಹಾಗಾಗಿ ಇವತ್ತು ಸರ್ಕಾರವನ್ನ ಬೈದು ಕೈ ತೊಳ್ಕೊಳ್ಳೋ ಹಕ್ಕು ನನಗಿಲ್ಲ. ನಾನೂ ಪಾಲುದಾರ. ಪಾಲುದಾರನಾಗಿ ನಾಲ್ಕು ಮಾತು ಕೇಳ್ಕೊಳ್ತೀನಿ.

ಸರ್ಕಾರಕ್ಕೆ. ಅಂಗಡಿ ಅಂಗಡಿಗೆ ರೂಲು ಬೇರೆ ಇರೋದು ತಪ್ಪಲ್ಲ. ಕ್ಷೌರದಂಗಡಿಗೂ ತರಕಾರಿ ಗಾಡಿಗೂ ಒಂದೇ ರೂಲು ಆಗಲ್ಲ. ಕಾರಣ ಇಲ್ಲದೆ ಬೇರೆ ಇರೋದು, ಕಾರಣ ಇದ್ದೂ ಹೇಳದೆ ಇರೋದು ತಪ್ಪು. ಹತ್ತು ಪುಟದ ಆದೇಶದ ಜೊತೆ ಒಂದು ಪುಟ ಕನ್ನಡದಲ್ಲಿ ಕೊಡಿ. ಪ್ರತಿ ರೂಲಿನ ಮುಂದೆ ಒಂದು ಸಾಲು: ಯಾಕೆ. ಹಿಂದಿನ ದಿನವೇ ಕೊಡಿ, ಮಧ್ಯಾಹ್ನ ಪೇದೆಯನ್ನ ಕಳಿಸಬೇಡಿ. ಕೆಲಸಕ್ಕೆ ಬಾರದು ಅಂತ ಗೊತ್ತಾದ ರೂಲನ್ನ ಹಾಗೇ ಬಿಡಬೇಡಿ, ರದ್ದು ಅಂತ ಹೇಳಿ. ರದ್ದು ಮಾಡಿದ್ರೆ ಮರ್ಯಾದೆ ಹೋಗಲ್ಲ. ಮಣಿಕಟ್ಟಿಗೆ ಗನ್ನು ಇಡೋ ನಾಟಕ ನಡೀತಾ ಇದ್ರೆ ಹೋಗುತ್ತೆ.

ಪೊಲೀಸರಿಗೆ, ಮಾರ್ಷಲ್‌ಗಳಿಗೆ. ನೀವು ನೋಡಬೇಕಾಗಿರೋದು ರಿಜಿಸ್ಟರ್ ಇದೆಯಾ ಅಂತ ಅಲ್ಲ. ಗಾಳಿ ಆಡ್ತಿದೆಯಾ, ಒಳಗೆ ಎಷ್ಟು ಜನ, ಮಾಸ್ಕ್ ಮೂಗಿನ ಮೇಲಿದೆಯಾ. ಅಂಗಡಿಯವನು ಶಟರ್ ಅರ್ಧ ಇಳಿಸಿದ್ರೆ ಅದು ಶಿಸ್ತಲ್ಲ, ನಿಮ್ಮ ಭಯ. ಆ ಶಟರ್ ಪೂರ್ತಿ ಎತ್ತಿಸಿ, ಜನರನ್ನ ಹೊರಗೆ ರಸ್ತೆಯಲ್ಲಿ ನಿಲ್ಲಿಸಿ.

ವ್ಯಾಪಾರಿಗಳಿಗೆ. ಪ್ಲಾಸ್ಟಿಕ್ ಹಾಳೆ ಗಾಳಿಗೆ ಅಡ್ಡ ಬರ್ತಿದ್ರೆ ತೆಗೀರಿ. ಹಿಂಬಾಗಿಲು ಇದ್ರೆ ತೆಗೀರಿ. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಗಾಳಿ ಹೊರಗೆ ದಬ್ಬೋ ಹಾಗೆ. ಒಳಗೆ ಇಬ್ಬರೋ ಮೂವರೋ, ಉಳಿದವರು ಹೊರಗೆ. ಕೈ ತೊಳೀರಿ, ಅದು ನೂರು ರೋಗಕ್ಕೆ ಒಳ್ಳೇದು, ಬೇಡ ಅನ್ನಲ್ಲ. ನೋಟನ್ನ ಬಿಟ್ಟುಬಿಡಿ. ಆ ಸಮಯಕ್ಕೆ ನೀವು, ನಿಮ್ಮ ಕೆಲಸದ ಹುಡುಗರು ಹೋಗಿ ಲಸಿಕೆ ಹಾಕಿಸ್ಕೊಳ್ಳಿ. ಈ ಸೋಮವಾರದಿಂದ 18 ವರ್ಷ ಮೇಲ್ಪಟ್ಟ ಎಲ್ಲರಿಗೂ ಕೇಂದ್ರ ಉಚಿತ ಲಸಿಕೆ ಶುರು ಮಾಡಿದೆ. ದಿನಕ್ಕೆ ನೂರು ಮುಖ ನೋಡೋರು ನೀವು.

ವೀಕ್ಷಕರಿಗೆ. ಅಂಗಡಿಯವರು "ಹೊರಗೆ ನಿಲ್ಲಿ ಸಾರ್" ಅಂದ್ರೆ ಸಿಟ್ಟು ಮಾಡ್ಕೋಬೇಡಿ. "ನಾನ್ಯಾರು ಗೊತ್ತಾ" ಅನ್ನಬೇಡಿ. ರೂಲು ತಲೆಕೆಟ್ಟಿದೆ ಅಂತ ಅನ್ನಿಸಿದ್ರೆ ಎಲ್ಲಾ ರೂಲೂ ಸುಳ್ಳು ಅಂತ ತೀರ್ಮಾನ ಮಾಡಬೇಡಿ. ಹತ್ತರಲ್ಲಿ ಆರು ನಾಟಕ ಇರಬಹುದು, ಉಳಿದ ನಾಲ್ಕು ಪ್ರಾಣದ ವಿಷಯ. ಮಾಸ್ಕು, ಗಾಳಿ, ಕಡಿಮೆ ಜನ, ಲಸಿಕೆ. ಯಾವುದು ನಾಟಕ, ಯಾವುದು ನಿಜ ಅಂತ ಬೇರ್ಪಡಿಸಿ ಹೇಳೋದು ನಮ್ಮ ಕೆಲಸ ಆಗಿತ್ತು. ನಾವು ತಡ ಮಾಡಿದ್ವಿ.

ಕೊನೆಯದಾಗಿ. ನಾಳೆ ಬೆಳಗ್ಗೆ ನಾನು ಆ ಅಂಗಡಿಗೆ ಹೋಗ್ತೀನಿ. ಆ ಹುಡುಗನ ಹತ್ತಿರ ಕೂತು ಮಾತಾಡ್ತೀನಿ. ನಿಮ್ಮಪ್ಪ ಏನೂ ತಪ್ಪು ಮಾಡ್ಲಿಲ್ಲ ಕಣಪ್ಪಾ, ಹೇಳಿದ್ದನ್ನೆಲ್ಲ ಮಾಡಿದ್ರು, ಹೇಳೋರು ನಾವು ಸರಿಯಾಗಿ ಹೇಳ್ಲಿಲ್ಲ ಅಂತ ಹೇಳ್ತೀನಿ. ಅದನ್ನ ಅವನು ಹೇಗೆ ತಗೊಳ್ತಾನೋ ಗೊತ್ತಿಲ್ಲ. ಆಮೇಲೆ ಇಬ್ಬರೂ ಸೇರಿ ಆ ಪ್ಲಾಸ್ಟಿಕ್ ಹಾಳೆ ಬಿಚ್ಚಿ, ಗೋಡೌನ್ ಕಡೆಯ ಬಾಗಿಲು ತೆಗೀತೀವಿ. ಅಲ್ಲಿ ಹದಿನೆಂಟು ವರ್ಷದ ಗೋಣಿಚೀಲ ಅಡ್ಡ ಇದೆ, ಸರಿಸಬೇಕು.

ನೀವೂ ನಿಮ್ಮ ಬೀದಿಯ ಅಂಗಡಿಗೆ ಹೋದಾಗ ಒಂದು ಸಲ ಕೇಳಿ: ಹಿಂಬಾಗಿಲು ತೆಗೆದಿದ್ದೀರಾ ಅಣ್ಣಾ?

ನಾಳೆ ಮತ್ತೆ ಸಿಗ್ತೀನಿ. ನಮಸ್ಕಾರ.